ಟರ್ಕಿ ಪ್ರೇಮಕಥೆಗಳ ಎರಡನೇ ಸೀಸನ್: ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಅಲ್ಲೇ ಬಿಡಬೇಕು?

ಮೊದಲ ಸೀಸನ್ ಮುಗಿದಿದೆ. ನಾಯಕ, ನಾಯಕಿ ಇಬ್ಬರೂ ಮನಸ್ಸಿನಿಂದ ಇಳಿಯುತ್ತಿಲ್ಲ. ಎರಡನೇ ಸೀಸನ್ ಶುರು ಮಾಡಬೇಕಾ, ಬೇಡವಾ? ಟರ್ಕಿಯ ಸೀರಿಯಲ್ ನೋಡುವವರಿಗೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ನೋಡಿದರಾಯ್ತು ಬಿಡು ಅನ್ನುವ ಹಾಗಿಲ್ಲ. ನಮ್ಮ ದಿನದ ಧಾರಾವಾಹಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಟರ್ಕಿಯಲ್ಲಿ ವಾರಕ್ಕೆ ಒಂದೇ ಎಪಿಸೋಡ್, ಆದರೆ ಅದು ಎರಡು ಗಂಟೆಯಷ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ಹದಿಮೂರು ಎಪಿಸೋಡಿನ ಪುಟ್ಟ ಸೀಸನ್ ಅಂದರೂ 26 ಗಂಟೆ ಬೇಕು. ದೊಡ್ಡ ಸೀಸನ್ನಿಗೆ 80 ಗಂಟೆ ಹತ್ತಿರ. ಅಷ್ಟು ಹೊತ್ತು ಕೊಡುವ ಮೊದಲು ಸ್ವಲ್ಪ ಯೋಚಿಸುವುದು ಒಳ್ಳೆಯದು.

ಇಲ್ಲಿ ಆರು ಸೀರಿಯಲ್‌ಗಳ ಎರಡನೇ ಭಾಗವನ್ನು ಹೋಲಿಸಿದ್ದೇನೆ: ಸೆನ್ ಚಾಲ್ ಕಾಪಮಿ, ಕಿರಾಲಿಕ್ ಆಶ್ಕ್, ಎರ್ಕೆಂಜಿ ಕುಶ್, ಕಾರಾ ಸೆವ್ದಾ, ಫಾತ್ಮಾಗುಲ್, ಆಶ್ಕ್-ಇ ಮೆಮ್ನು. ಕೊನೆಗೆ ಏನಾಗುತ್ತದೆ ಅಂತ ಎಲ್ಲೂ ಹೇಳುವುದಿಲ್ಲ. ಆದರೆ ಎರಡನೇ ಸೀಸನ್ ಎಲ್ಲಿಂದ ಶುರುವಾಗುತ್ತದೆ ಅನ್ನುವುದನ್ನು ಹೇಳಲೇಬೇಕು. ಅಷ್ಟೂ ಬೇಡ ಅನ್ನುವವರು ಮೊದಲ ಸೀಸನ್ ಮುಗಿಸಿಕೊಂಡು ಬಂದು ಓದಿ.

ಬೇಸಿಗೆಯಲ್ಲಿ ಹುಟ್ಟಿದ ಕಥೆಯೋ, ಶರತ್ಕಾಲದಲ್ಲಿ ಹುಟ್ಟಿದ್ದೋ?

ಆರಿಸುವ ಮೊದಲು ನಾನು ನೋಡುವುದು ಇದನ್ನೇ. ಟರ್ಕಿಯ ಟಿವಿ ವರ್ಷ ಸೆಪ್ಟೆಂಬರಿನಲ್ಲಿ ಶುರುವಾಗಿ ಜೂನ್ ಹೊತ್ತಿಗೆ ಮುಗಿಯುತ್ತದೆ. ಭಾರೀ ಕಥೆಗಳು, ದೊಡ್ಡ ತಾರೆಯರ ಸೀರಿಯಲ್‌ಗಳು ಆ ಅವಧಿಯಲ್ಲಿ ಬರುತ್ತವೆ. ಬೇಸಿಗೆ ಬಂದರೆ ಅವೆಲ್ಲ ರಜೆಗೆ ಹೋಗುತ್ತವೆ. ಆ ಖಾಲಿ ಜಾಗಕ್ಕೆ ಹಗುರಾದ ಪ್ರೇಮಕಥೆಗಳು ಬರುತ್ತವೆ. ಬಿಸಿಲು, ಸಮುದ್ರ, ಬಣ್ಣದ ಬಟ್ಟೆ, ಜಗಳವಾಡುವ ಜೋಡಿ. ಜನ ಒಪ್ಪಿದರೆ ಸೀರಿಯಲ್ ಶರತ್ಕಾಲಕ್ಕೂ ಮುಂದುವರಿಯುತ್ತದೆ. ಒಪ್ಪದಿದ್ದರೆ ಹತ್ತು ಹದಿನೈದು ಎಪಿಸೋಡಿಗೆ ಗಂಟುಮೂಟೆ ಕಟ್ಟಬೇಕು.

ಕಿರಾಲಿಕ್ ಆಶ್ಕ್ ಶುರುವಾಗಿದ್ದು 2015ರ ಜೂನ್ 19ಕ್ಕೆ. ಎರ್ಕೆಂಜಿ ಕುಶ್ 2018ರ ಜೂನ್ 26ಕ್ಕೆ. ಸೆನ್ ಚಾಲ್ ಕಾಪಮಿ 2020ರ ಜುಲೈ 8ಕ್ಕೆ. ಮೂರೂ ಬೇಸಿಗೆಯ ಮಕ್ಕಳು. ಮೂರರಲ್ಲೂ ಕಥೆಯ ಗಂಟು ಚಿಕ್ಕದು: ಒಂದು ಸುಳ್ಳು, ಇಲ್ಲವೇ ಒಂದು ಒಪ್ಪಂದ. ಅದು ಒಂದು ಬೇಸಿಗೆಗೆ ಸಾಕಾಗುವ ಗಂಟು. ಅದು ಬಿಚ್ಚಿಹೋದ ಮೇಲೆ ಕಥೆಗಾರರು ಹೊಸ ಗಂಟು ಹುಡುಕಬೇಕು. ಆಗಲೇ ವಿಮಾನ ಬೀಳುವುದು, ನೆನಪು ಹೋಗುವುದು, ಕಾಯಿಲೆ ಬರುವುದು, ‘ಒಂದು ವರ್ಷದ ನಂತರ’ ಅಂತ ಪರದೆ ಮೇಲೆ ಬರುವುದು.

ಆಶ್ಕ್-ಇ ಮೆಮ್ನು 2008ರ ಸೆಪ್ಟೆಂಬರಿನಲ್ಲಿ, ಫಾತ್ಮಾಗುಲ್ 2010ರ ಸೆಪ್ಟೆಂಬರಿನಲ್ಲಿ, ಕಾರಾ ಸೆವ್ದಾ 2015ರ ಅಕ್ಟೋಬರಿನಲ್ಲಿ ಶುರುವಾದವು. ಇವುಗಳ ಗಂಟು ಮೊದಲೇ ದೊಡ್ಡದು. ಎರಡು ವರ್ಷ ಎಳೆದರೂ ತಡೆಯುತ್ತದೆ.

ಹಾಗಂತ ಬೇಸಿಗೆಯ ಕಥೆಗಳ ಎರಡನೇ ಸೀಸನ್ ಎಲ್ಲ ವ್ಯರ್ಥ ಅಂತಲ್ಲ. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಎರಡನೇ ಸೀಸನ್ನಿನಲ್ಲಿ ಇಬ್ಬರೂ ದೂರ ಇರುವುದಕ್ಕೆ ಕಾರಣ ಏನು? ಅದು ಅವರ ಸ್ವಭಾವದಿಂದ, ಅವರು ಹಿಂದೆ ಮಾಡಿದ ಕೆಲಸದಿಂದ ಬಂದಿದ್ದರೆ ಧೈರ್ಯವಾಗಿ ನೋಡಿ. ಹೊರಗಿನಿಂದ ಯಾರೋ ತಂದು ಹಾಕಿದ್ದರೆ ಕೆಲವು ಎಪಿಸೋಡ್ ಆದಮೇಲೆ ನಿಮಗೇ ಬೇಜಾರಾಗುತ್ತದೆ.

ಎಪಿಸೋಡ್ ಲೆಕ್ಕದ ಗೊಂದಲ

ಟರ್ಕಿಯಲ್ಲಿ ಎರಡು ಗಂಟೆಯ ಎಪಿಸೋಡ್ ಆಗಿದ್ದದ್ದನ್ನು ಹೊರದೇಶಗಳಿಗೆ ಮಾರುವಾಗ ಮುಕ್ಕಾಲು ಗಂಟೆಯ ತುಂಡುಗಳಾಗಿ ಕತ್ತರಿಸುತ್ತಾರೆ. ಹಾಗಾಗಿ ನಿಮ್ಮ ಆ್ಯಪ್‌ನಲ್ಲಿ 150ನೇ ಎಪಿಸೋಡ್ ಅಂತ ಕಾಣುವುದು ಅಲ್ಲಿ 50ರ ಸುಮಾರಿಗೆ ಇರಬಹುದು. ಸೀಸನ್ನುಗಳನ್ನೂ ಒಂದೊಂದು ಕಡೆ ಒಂದೊಂದು ಜಾಗದಲ್ಲಿ ಮುರಿಯುತ್ತಾರೆ. ‘ಸೀಸನ್ 2’ ಅಂತ ಬರೆದಿದ್ದು ನಿಜಕ್ಕೂ ಎರಡನೇ ಸೀಸನ್ ಆಗಿರಲೇಬೇಕು ಅಂತಿಲ್ಲ.

ಮೂಲ ಲೆಕ್ಕ ಹೀಗಿದೆ. ಸೆನ್ ಚಾಲ್ ಕಾಪಮಿ ಒಟ್ಟು 52 ಎಪಿಸೋಡ್, 40ರಿಂದ ಎರಡನೇ ಸೀಸನ್. ಕಿರಾಲಿಕ್ ಆಶ್ಕ್ 69, ಎರಡನೆಯದು 53ರಿಂದ. ಕಾರಾ ಸೆವ್ದಾ 74, ಎರಡನೆಯದು 36ರಿಂದ. ಫಾತ್ಮಾಗುಲ್ 80, ಆಶ್ಕ್-ಇ ಮೆಮ್ನು 79, ಎರಡೂ ಸರಿಸುಮಾರು ಅರ್ಧಕ್ಕೆ ಒಡೆಯುತ್ತವೆ. ಎರ್ಕೆಂಜಿ ಕುಶ್ 51 ಎಪಿಸೋಡ್, 2019ರ ಆಗಸ್ಟ್ ತನಕ ಓಡಿತು. ಅದರಲ್ಲಿ ಎರಡನೇ ಸೀಸನ್ ಎಲ್ಲಿ ಶುರು ಅನ್ನುವುದು ಅದನ್ನು ಕತ್ತರಿಸಿದವರನ್ನು ಅವಲಂಬಿಸಿದೆ. ಅಲ್ಲಿ ಸೀಸನ್ ನಂಬರ್ ನಂಬುವ ಬದಲು ಕಥೆಯ ತಿರುವನ್ನು ಗುರುತು ಇಟ್ಟುಕೊಳ್ಳುವುದು ಮೇಲು.

ಸೆನ್ ಚಾಲ್ ಕಾಪಮಿ: ಐದು ವರ್ಷ ಆದಮೇಲೆ

ನಮ್ಮಲ್ಲಿ ಇದನ್ನು ‘ಲವ್ ಈಸ್ ಇನ್ ದಿ ಏರ್’ ಅಂತ ಗುರುತಿಸುವವರೇ ಜಾಸ್ತಿ. ಹಂದೆ ಎರ್ಚೆಲ್ ಇಲ್ಲಿ ಎದಾ, ಕೆರೆಮ್ ಬುರ್ಸಿನ್ ಇಲ್ಲಿ ಸೆರ್ಕಾನ್ ಬೋಲಾತ್. ಅವನ ಕಂಪನಿ ಸ್ಕಾಲರ್‌ಶಿಪ್ ನಿಲ್ಲಿಸಿದ್ದರಿಂದ ಅವಳ ಓದು ಅರ್ಧಕ್ಕೆ ನಿಂತಿದೆ. ಅದೇ ಸಿಟ್ಟಿನಲ್ಲಿ ಭೇಟಿ, ಆಮೇಲೆ ಎರಡು ತಿಂಗಳ ಸುಳ್ಳು ನಿಶ್ಚಿತಾರ್ಥ. ಮೊದಲ ಹನ್ನೆರಡು ಹದಿಮೂರು ಎಪಿಸೋಡುಗಳು ಈ ಜಾತಿಯ ಕಥೆಗಳಲ್ಲೇ ಅತ್ಯುತ್ತಮ ಅಂತ ನನ್ನ ಅಭಿಪ್ರಾಯ. ಮಧ್ಯದಲ್ಲಿ ಸೆರ್ಕಾನ್‌ಗೆ ನೆನಪು ಹೋಗುವ ಭಾಗ ಬರುತ್ತದೆ. ಇದು ಮೊದಲ ಸೀಸನ್ನಿನಲ್ಲೇ ಇದೆ. ತುಂಬ ಜನ ಸೀರಿಯಲ್ ಬಿಡುವುದು ಅಲ್ಲೇ. ಬಿಟ್ಟವರಿಗೆ ಎರಡನೇ ಸೀಸನ್ ಇನ್ನೂ ಕೆಟ್ಟದಾಗಿರಬೇಕು ಅನ್ನಿಸುವುದು ಸಹಜ.

ಆದರೆ ಹಾಗಿಲ್ಲ. 2021ರ ಜೂನ್‌ನಲ್ಲಿ ಶುರುವಾದ ಈ 13 ಎಪಿಸೋಡುಗಳು ಬೇರೆಯದೇ ಕಥೆ. ಐದು ವರ್ಷ ಕಳೆದಿದೆ. ಎದಾ, ಸೆರ್ಕಾನ್ ಬೇರೆ ಬೇರೆ. ಸೆರ್ಕಾನ್ ದೊಡ್ಡ ಕಾಯಿಲೆಯಿಂದ ಎದ್ದು ಬಂದಿದ್ದಾನೆ, ಆದರೆ ಅದರ ಭಯ ಬಿಟ್ಟಿಲ್ಲ. ನಾಳೆ ಇರುತ್ತೇನೋ ಇಲ್ಲವೋ ಅನ್ನುವವನಿಗೆ ಮಕ್ಕಳು ಬೇಡ, ಸಂಸಾರ ಬೇಡ. ಎದಾಗೆ ಕಿರಾಜ್ ಅಂತ ಒಬ್ಬ ಮಗಳಿದ್ದಾಳೆ. ಅವಳು ತನ್ನ ಮಗಳು ಅಂತ ಸೆರ್ಕಾನ್‌ಗೆ ಗೊತ್ತೇ ಇಲ್ಲ.

ಕಾಯಿಲೆ ಹೊರಗಿನಿಂದ ಬಂದ ಕಾರಣ ಅಲ್ವಾ ಅಂತ ನೀವು ಕೇಳಬಹುದು. ಹೌದು. ಆದರೆ ಇವರು ದೂರವಾಗಿದ್ದು ಕಾಯಿಲೆಯಿಂದಲ್ಲ, ಸೆರ್ಕಾನ್‌ನ ಸ್ವಭಾವದಿಂದ. ಎಲ್ಲವೂ ತನ್ನ ಲೆಕ್ಕದಂತೆ ನಡೆಯಬೇಕು ಅನ್ನುವ ಮನುಷ್ಯ ಅವನು. ಮೊದಲ ಎಪಿಸೋಡಿನಿಂದಲೇ ಹಾಗೆ. ಅಂಥವನ ಎದುರು ಲೆಕ್ಕಕ್ಕೆ ಸಿಗದ ಪುಟ್ಟ ಹುಡುಗಿ ನಿಂತಾಗ ಅವನು ಏನಾಗುತ್ತಾನೆ ಅನ್ನುವುದೇ ಇಲ್ಲಿನ ಸ್ವಾರಸ್ಯ. ಬುರ್ಸಿನ್ ಅದನ್ನು ಚೆನ್ನಾಗಿ ಮಾಡಿದ್ದಾರೆ. ಮಗುವಿನ ಜೊತೆ ಮಾತಾಡಲು ಬಾರದೆ ಆಫೀಸಿನ ದನಿಯಲ್ಲೇ ಮಾತಾಡುವ ದೃಶ್ಯಗಳು ನಗಿಸುತ್ತವೆ, ಸ್ವಲ್ಪ ಹೊತ್ತಿಗೆ ಗಂಟಲು ಕಟ್ಟಿಸುತ್ತವೆ.

ಕೊರತೆಗಳೂ ಇವೆ. ಮೊದಲ ಸೀಸನ್ನಿನ ಕೆಲವು ಗೆಳೆಯ ಗೆಳತಿಯರು ಇಲ್ಲಿ ಇಲ್ಲ. ಸೆರ್ಕಾನ್‌ನ ಅಮ್ಮ ಐದಾನ್ ಮತ್ತು ಎದಾಳ ಸೋದರತ್ತೆ ಐಫೆರ್ ಜಗಳದ ತಮಾಷೆಯನ್ನು ಕೆಲವೊಮ್ಮೆ ಅತಿಯಾಗಿ ಎಳೆದಿದ್ದಾರೆ. ಮಗಳ ವಿಷಯ ಮುಚ್ಚಿಟ್ಟ ಎದಾಳ ತಪ್ಪನ್ನು ಕಥೆ ಬೇಗ ಮರೆತುಬಿಡುತ್ತದೆ. ಅದು ನನಗೆ ಸರಿ ಅನ್ನಿಸಲಿಲ್ಲ. ಆದರೂ ನೋಡಿ ಅಂತಲೇ ಹೇಳುತ್ತೇನೆ. ನೆನಪು ಹೋದ ಭಾಗ ನಿಮಗೆ ಕಷ್ಟವಾದರೆ ಅದನ್ನು ಹಾರಿಸಿ ನೇರವಾಗಿ 40ಕ್ಕೆ ಬನ್ನಿ. ಕಥೆ ಅರ್ಥವಾಗುತ್ತದೆ.

ಕಿರಾಲಿಕ್ ಆಶ್ಕ್ ಮತ್ತು ಎರ್ಕೆಂಜಿ ಕುಶ್

ಈ ಎರಡನ್ನೂ ಒಟ್ಟಿಗೆ ಹೇಳಲು ಕಾರಣವಿದೆ. ಎರಡರ ಬುಡದಲ್ಲೂ ಒಂದೇ ಬಗೆಯ ಸುಳ್ಳು. ಕಿರಾಲಿಕ್ ಆಶ್ಕ್‌ನಲ್ಲಿ ದೆಫ್ನೆ ಅಣ್ಣನ ಸಾಲ ತೀರಿಸಲು ದುಡ್ಡು ತೆಗೆದುಕೊಂಡು ಓಮೆರ್‌ನ ಮನಸ್ಸು ಗೆಲ್ಲಲು ಒಪ್ಪುತ್ತಾಳೆ. ಎರ್ಕೆಂಜಿ ಕುಶ್‌ನಲ್ಲಿ ಸಾನೆಮ್ ಮನೆಯ ಸಾಲಕ್ಕಾಗಿ ಎಮ್ರೆಯಿಂದ ದುಡ್ಡು ಪಡೆದು, ಅವನ ಅಣ್ಣ ಜಾನ್‌ನ ಮೇಲೆ ಕಣ್ಣಿಡುತ್ತಾಳೆ. ಇಬ್ಬರಿಗೂ ನಿಜವಾಗಿ ಪ್ರೀತಿ ಹುಟ್ಟುತ್ತದೆ. ಸತ್ಯ ಯಾವಾಗ ಹೊರಬೀಳುತ್ತದೋ ಅನ್ನುವ ಆತಂಕವೇ ಕಥೆಯನ್ನು ಓಡಿಸುತ್ತದೆ.

ಕಿರಾಲಿಕ್ ಆಶ್ಕ್ ಆ ಸತ್ಯವನ್ನು ಒಂದು ವರ್ಷ ಹಿಡಿದಿಟ್ಟಿತು. ಎಲ್ಚಿನ್ ಸಾಂಗು, ಬಾರಿಶ್ ಅರ್ದುಚ್ ಜೋಡಿ ಅಷ್ಟು ಚೆನ್ನಾಗಿತ್ತು ಅನ್ನುವುದಕ್ಕೆ ಇದೇ ಸಾಕ್ಷಿ. ಎರಡನೇ ಸೀಸನ್ ಸತ್ಯ ಗೊತ್ತಾದಮೇಲಿನ ಕಥೆ, ಒಂದು ವರ್ಷದ ಅಂತರದ ಆಚೆಗಿನದು. ಕಾಗದದ ಮೇಲೆ ಇದು ಒಳ್ಳೆಯ ಶುರುವಾತು. ಮೋಸ ಮಾಡಿದವಳನ್ನು ಮತ್ತೆ ನಂಬುವುದು ಹೇಗೆ? ನಂಬದೇ ಬಿಟ್ಟು ಹೋದವನನ್ನು ಇವಳು ಒಪ್ಪುವುದು ಹೇಗೆ? ಆದರೆ ಸೀಸನ್ ಈ ಪ್ರಶ್ನೆಗಳ ಜೊತೆ ಹೆಚ್ಚು ಹೊತ್ತು ಕೂರುವುದಿಲ್ಲ. ಹೊಸ ಪಾತ್ರಗಳು, ಕಂಪನಿಯ ಗೊಡವೆಗಳು ಮಧ್ಯೆ ಬರುತ್ತವೆ. ಮೊದಲ ಸೀಸನ್ನಿನಲ್ಲಿ ಓಮೆರ್ ಸುಮ್ಮನೆ ಒಂದು ಸಲ ನೋಡಿದರೆ ಸಾಕಿತ್ತು, ನಮಗೆ ಎಲ್ಲ ತಿಳಿಯುತ್ತಿತ್ತು. ಇಲ್ಲಿ ಎಲ್ಲರೂ ಜಾಸ್ತಿ ಮಾತಾಡುತ್ತಾರೆ. 17 ಎಪಿಸೋಡಿಗೆ, 2017ರ ಜನವರಿಯಲ್ಲಿ ಮುಗಿಯಿತು.

ದೆಫ್ನೆ, ಓಮೆರ್ ಕೊನೆಗೆ ಏನಾದರು ಅಂತ ತಿಳಿಯದೆ ನಿಮಗೆ ಸಮಾಧಾನವಿಲ್ಲ ಅಂದರೆ ಮೊದಲ ಕೆಲವು ಮತ್ತು ಕೊನೆಯ ಎರಡು ಎಪಿಸೋಡ್ ನೋಡಿ ಸಾಕು. ಮೊದಲ ಸೀಸನ್ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಓಮೆರ್‌ನ ಚಿಕ್ಕಮ್ಮ ನೆರಿಮಾನ್ ಮತ್ತು ಅವಳ ಗೆಳೆಯ ಕೊರಾಯ್ ಇಬ್ಬರ ತಮಾಷೆಯಂಥದ್ದು ಆಮೇಲೆ ಬಂದ ಯಾವ ಸೀರಿಯಲ್ಲಿನಲ್ಲೂ ನನಗೆ ಸಿಗಲಿಲ್ಲ.

ಎರ್ಕೆಂಜಿ ಕುಶ್, ಅಂದರೆ ನಮ್ಮವರ ‘ಡೇ ಡ್ರೀಮರ್’, ಹಗುರಾದ ಮನಸ್ಸಿನಿಂದ ನೋಡುವ ಕಥೆ. ದೆಮೆತ್ ಓಜ್ದೆಮಿರ್ ಮಾಡಿದ ಸಾನೆಮ್ ಮಾತಿನ ಮಲ್ಲಿ, ಕಿರಾಣಿ ಅಂಗಡಿಯವನ ಮಗಳು, ಬರಹಗಾರ್ತಿಯಾಗುವ ಕನಸಿನವಳು. ಜಾನ್ ಯಮನ್ ಮಾಡಿದ ಫೋಟೋಗ್ರಾಫರ್ ಎಲ್ಲೂ ನೆಲೆ ನಿಲ್ಲದವನು. ಕಥೆ ಮಧ್ಯದಲ್ಲಿ ಒಂದು ವರ್ಷ ಹಾರುತ್ತದೆ. ಅವನು ದೋಣಿ ಹತ್ತಿ ಹೋಗಿದ್ದಾನೆ, ಅವಳು ಪುಸ್ತಕ ಬರೆದಿದ್ದಾಳೆ. ಇದನ್ನೇ ನಿಜವಾದ ಎರಡನೇ ಸೀಸನ್ ಅಂದುಕೊಳ್ಳಿ. ಅವನು ವಾಪಸ್ ಬಂದ ಕೆಲವು ಎಪಿಸೋಡುಗಳು ನಿಜಕ್ಕೂ ಚೆನ್ನಾಗಿವೆ. ಅವಳು ಅತ್ತು ಮುಗಿಸಿ ಗಟ್ಟಿಯಾಗಿದ್ದಾಳೆ. ಅವನು ಕ್ಷಮೆ ಕೇಳಲು ಕಲಿಯಬೇಕು. ಆಮೇಲೆ ಇಲ್ಲೂ ನೆನಪು ಹೋಗುತ್ತದೆ! ಅಲ್ಲಿಗೆ ನಿಲ್ಲಿಸಿ, ಕೊನೆಯ ಎಪಿಸೋಡ್ ಒಂದನ್ನು ನೋಡಿಬಿಡಿ.

ಕಾರಾ ಸೆವ್ದಾ: ಹಗ್ಗ ಬಿಗಿಯಾಗುತ್ತಲೇ ಹೋಗುತ್ತದೆ

2017ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಯ ಟೆಲಿನೊವೆಲಾ, ಅಂದರೆ ಧಾರಾವಾಹಿ ವಿಭಾಗದಲ್ಲಿ ಗೆದ್ದ ಸೀರಿಯಲ್ ಇದು. ಟರ್ಕಿಯ ಬೇರೆ ಯಾವ ಸೀರಿಯಲ್ಲಿಗೂ ಅದಕ್ಕೆ ಮೊದಲು ಆ ವಿಭಾಗದಲ್ಲಿ ಪ್ರಶಸ್ತಿ ಬಂದಿರಲಿಲ್ಲ. ಕೆಳ ಮಧ್ಯಮ ವರ್ಗದ ಕೆಮಾಲ್, ಶ್ರೀಮಂತರ ಮನೆಯ ನಿಹಾನ್, ಅವಳನ್ನು ಬೆದರಿಸಿ ಮದುವೆಯಾಗುವ ಎಮಿರ್. ನಿಹಾನ್ ಒಪ್ಪಿದ್ದು ತನ್ನ ಅವಳಿ ತಮ್ಮನನ್ನು ಜೈಲಿನಿಂದ ಉಳಿಸಲು. ಕೆಮಾಲ್‌ಗೆ ಅದು ಗೊತ್ತಿಲ್ಲ. ಅವನು ಜೊಂಗುಲ್ದಾಕ್‌ನ ಕಲ್ಲಿದ್ದಲು ಗಣಿಗೆ ಹೋಗಿ, ಐದು ವರ್ಷದ ಮೇಲೆ ದುಡ್ಡಿನೊಂದಿಗೆ ಇಸ್ತಾಂಬುಲ್‌ಗೆ ಮರಳುತ್ತಾನೆ.

ಎರಡನೇ ಸೀಸನ್ ಮೊದಲನೆಯದಕ್ಕಿಂತ ದೊಡ್ಡದು, 39 ಎಪಿಸೋಡ್. ಮಗುವೊಂದು ಕಥೆಯೊಳಗೆ ಬರುತ್ತದೆ. ಅಲ್ಲಿಂದ ಎಮಿರ್ ಕೈಗೆ ಹೊಸ ಆಯುಧ ಸಿಗುತ್ತದೆ. ಕೆಮಾಲ್‌ನ ತಂಗಿ ಜೆಯ್ನೆಪ್, ಅವನನ್ನು ಪ್ರೀತಿಸುವ ಅಸು ಎಲ್ಲರೂ ಬಲೆಯೊಳಗೆ ಬೀಳುತ್ತಾರೆ. ಇಲ್ಲಿ ಕೆಲವು ತಿರುವುಗಳು ಅತಿ ಅನ್ನಿಸುವುದು ನಿಜ. ಎಷ್ಟು ಸಲ ಅಪಹರಣ, ಎಷ್ಟು ಸಲ ಬಂದೂಕು! ಆದರೆ ಅವೆಲ್ಲ ಮೊದಲ ಸೀಸನ್ನಿನಲ್ಲಿ ಬಿತ್ತಿದ ಬೀಜದಿಂದಲೇ ಬೆಳೆದವು. ಯಾರಿಗೂ ನೆನಪು ಹೋಗುವುದರ ಹಂಗಿಲ್ಲ. ಎಮಿರ್ ಹಾಗೆ ಮಾಡುತ್ತಾನೆ, ಏಕೆಂದರೆ ಎಮಿರ್ ಅಂಥವನು. ಕಾನ್ ಉರ್ಗಾಂಜೊಲು ಈ ಪಾತ್ರದಲ್ಲಿ ಎರಡನೇ ಸೀಸನ್ನಿನಲ್ಲಿ ಇನ್ನೂ ಮೇಲೇರಿದ್ದಾರೆ. ಪ್ರೀತಿ ಸಿಗದ ಮನುಷ್ಯ ಹೇಗೆ ಕೊಳೆಯುತ್ತಾನೆ ಅನ್ನುವುದನ್ನು ಅವರ ಮುಖದಲ್ಲಿ ನೋಡಬೇಕು. ಬುರಾಕ್ ಓಜ್ಚಿವಿತ್, ನೆಸ್ಲಿಹಾನ್ ಆತಾಗುಲ್ ಅವರ ಅಭಿಮಾನಿಗಳು ಏನೇ ಹೇಳಲಿ, ಎರಡನೇ ಸೀಸನ್ ಎಮಿರ್‌ನದ್ದೇ.

ಮೊದಲ ಸೀಸನ್ ಮುಗಿಸಿದವರು ಇದನ್ನು ಬಿಡಬಾರದು. ಆದರೆ ಇದು ಭಾರವಾದ ಕಥೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ, ಮನಸ್ಸು ಸರಿಯಿಲ್ಲ ಅನ್ನುವಾಗ ಬೇಡ. ಆಗ ಕಿರಾಜ್ ಮತ್ತು ಸೆರ್ಕಾನ್ ಜೊತೆಗಿರಿ.

ಫಾತ್ಮಾಗುಲ್: ಪ್ರೀತಿ ಶುರುವಾಗುವುದೇ ಎರಡನೆಯದರಲ್ಲಿ

ಒಂದೇ ಒಂದನ್ನು ಆರಿಸು ಅಂದರೆ ನಾನು ಇದನ್ನು ಆರಿಸುತ್ತೇನೆ. ಭಾರತದಲ್ಲಿ ಜಿಂದಗಿ ಚಾನೆಲ್ 2015ರಲ್ಲಿ ಫೆರಿಹಾ ತೋರಿಸಿ, ಆಮೇಲೆ ಫಾತ್ಮಾಗುಲ್ ತಂದಿತು. ಟರ್ಕಿಯ ಸೀರಿಯಲ್‌ಗಳ ರುಚಿ ನಮ್ಮಲ್ಲಿ ಅನೇಕರಿಗೆ ಹತ್ತಿದ್ದೇ ಆಗ. ಆದರೆ ಮೊದಲ ಎಪಿಸೋಡಿನ ಅತ್ಯಾಚಾರದ ದೃಶ್ಯಕ್ಕೆ ಹೆದರಿ ಬಿಟ್ಟವರೂ ಇದ್ದಾರೆ. ಅವರನ್ನು ದೂರಲು ಆಗುವುದಿಲ್ಲ.

ಹಳ್ಳಿಯ ಹುಡುಗಿ ಫಾತ್ಮಾಗುಲ್ ಮೇಲೆ ಶ್ರೀಮಂತರ ಹುಡುಗರು ಅತ್ಯಾಚಾರ ಮಾಡುತ್ತಾರೆ. ಪ್ರಕರಣ ಮುಚ್ಚಲು, ಅಂದು ರಾತ್ರಿ ಕುಡಿದು ಅಲ್ಲೇ ಇದ್ದ ಕಮ್ಮಾರ ಕೆರಿಮ್ ಜೊತೆ ಅವಳ ಮದುವೆ ಮಾಡಿಸುತ್ತಾರೆ. ವೇದತ್ ತುರ್ಕಾಲಿ ಬರೆದ ಮೂಲ ಕಥೆ ಹಳೆಯದು, 1986ರಲ್ಲೇ ಸಿನಿಮಾ ಆಗಿತ್ತು. ಅತ್ಯಾಚಾರ ಮಾಡಿದವನು ಆ ಹೆಣ್ಣನ್ನೇ ಮದುವೆಯಾದರೆ ಶಿಕ್ಷೆಯಿಂದ ಪಾರಾಗುವ ಅವಕಾಶ ಆಗ ಟರ್ಕಿಯ ಕಾನೂನಿನಲ್ಲಿತ್ತು. 2005ರಲ್ಲಿ ಜಾರಿಗೆ ಬಂದ ಹೊಸ ದಂಡ ಸಂಹಿತೆಯಲ್ಲಿ ಅದು ಇಲ್ಲ. ಸೀರಿಯಲ್ ಬಂದಿದ್ದು ಅದಾದ ಮೇಲೆ. ಹಾಗಾಗಿ ಇಲ್ಲಿ ನ್ಯಾಯಾಲಯದ ಬಾಗಿಲು ತೆರೆದಿದೆ. ಕಥೆ ಅತ್ತ ಹೋಗುತ್ತದೆ.

ಮೊದಲ ಸೀಸನ್ ಪೂರ್ತಿ ಅವಳ ಮೌನ, ಸಿಟ್ಟು, ಭಯ. ಕೆರಿಮ್ ಒಂದೇ ಮನೆಯಲ್ಲಿದ್ದರೂ ಬಾಗಿಲಾಚೆ. ಎರಡನೇ ಸೀಸನ್ನಿನಲ್ಲಿ ಅವಳು ಮಾತಾಡುತ್ತಾಳೆ. ಕೋರ್ಟಿನಲ್ಲಿ, ಮನೆಯಲ್ಲಿ, ಆಮೇಲೆ ಅವನ ಹತ್ತಿರ. ಬೆರೆನ್ ಸಾತ್ ಮತ್ತು ಎಂಗಿನ್ ಅಕ್ಯುರೆಕ್ ನಡುವೆ ಒಂದು ಕೈ ಇನ್ನೊಂದು ಕೈಯನ್ನು ಮುಟ್ಟಲು ಎಷ್ಟೋ ಎಪಿಸೋಡ್ ಬೇಕಾಗುತ್ತದೆ. ಒಂದು ನಿಮಿಷವೂ ಅದು ಎಳೆದಾಟ ಅನ್ನಿಸುವುದಿಲ್ಲ, ಏಕೆಂದರೆ ಅವಳಿಗೆ ಅಷ್ಟು ಕಾಲ ಬೇಕೇ ಬೇಕು. ಟಿವಿಯಲ್ಲಿ ಬರುವ ಪ್ರೇಮಕಥೆಗಳಲ್ಲಿ ಒಪ್ಪಿಗೆ ಅನ್ನುವುದನ್ನು ಇಷ್ಟು ಗೌರವದಿಂದ ತೋರಿಸಿದ್ದು ನಾನು ಇನ್ನೊಂದು ನೋಡಿಲ್ಲ. ಕೆರಿಮ್‌ನನ್ನು ಸಾಕಿದ ಮೆರಿಯೆಮ್ ಪಾತ್ರವಂತೂ ಮನೆಗೆ ಕರೆದುಕೊಂಡು ಬರಬೇಕು ಅನ್ನಿಸುವಂಥದ್ದು. ಅತ್ತಿಗೆ ಮುಕದ್ದೆಸ್‌ನ ರಂಪ ಮಾತ್ರ ಜಾಸ್ತಿಯಾಯ್ತು, ಅಲ್ಲಿ ಬೇಕಾದರೆ ಮುಂದಕ್ಕೆ ಓಡಿಸಿ.

ಡಬ್ಬಿಂಗೋ, ಸಬ್‌ಟೈಟಲ್ಲೋ?

ಹಿಂದಿ ಡಬ್ಬಿಂಗ್ ಇದ್ದರೆ ಅಡುಗೆ ಮಾಡುತ್ತಲೂ ನೋಡಬಹುದು. ಬೇಸಿಗೆಯ ಕಥೆಗಳಿಗೆ ಅದು ಸಾಕು. ಫಾತ್ಮಾಗುಲ್, ಆಶ್ಕ್-ಇ ಮೆಮ್ನು ಎರಡನ್ನು ಮಾತ್ರ ಮೂಲ ದನಿಯಲ್ಲಿ, ಸಬ್‌ಟೈಟಲ್ ಇಟ್ಟುಕೊಂಡು ನೋಡಿ. ಅಲ್ಲಿ ಉಸಿರಾಟವೂ ಅಭಿನಯದ ಭಾಗ. ಅಂದಹಾಗೆ, ಹೆಂಡದ ಗ್ಲಾಸ್ ಮಸುಕಾಗಿ ಕಂಡರೆ ನಿಮ್ಮ ಇಂಟರ್‌ನೆಟ್ ತೊಂದರೆಯಲ್ಲ. ಟರ್ಕಿಯ ಟಿವಿಯಲ್ಲಿ ಅದನ್ನು ಹಾಗೆ ಮಸುಕು ಮಾಡಿಯೇ ತೋರಿಸುವುದು.

ಆಶ್ಕ್-ಇ ಮೆಮ್ನು: ಕೊನೆ ಗೊತ್ತಿದ್ದವರು ಬರೆದ ಕಥೆ

ಕಾರಾ ಸೆವ್ದಾ, ಫಾತ್ಮಾಗುಲ್‌ಗಳ ನಿರ್ದೇಶಕಿ ಹಿಲಾಲ್ ಸರಾಲ್ ಅವರದ್ದೇ ಇದೂ. ಹಾಲಿತ್ ಜಿಯಾ ಉಶಾಕ್ಲಿಗಿಲ್ ಅವರ ಕಾದಂಬರಿ 1900ರ ಸುಮಾರಿನದು. ವಯಸ್ಸಾದ ಶ್ರೀಮಂತ ಅದ್ನಾನ್‌ನನ್ನು ಮದುವೆಯಾದ ಬಿಹ್ತೆರ್, ಅದೇ ಮನೆಯಲ್ಲಿ ಬೆಳೆದ ಬೆಹ್ಲುಲ್‌ನನ್ನು ಪ್ರೀತಿಸುತ್ತಾಳೆ. ಬಾಸ್ಫರಸ್ ದಂಡೆಯ ಆ ಮನೆಯ ಆಚೆ ಕಥೆ ಹೆಚ್ಚು ಹೋಗುವುದೇ ಇಲ್ಲ.

ಕಾದಂಬರಿ ಇದ್ದದ್ದರಿಂದ ಬರೆಯುವವರಿಗೆ ಎಲ್ಲಿಗೆ ಹೋಗಬೇಕು ಅನ್ನುವುದು ಮೊದಲ ದಿನವೇ ಗೊತ್ತಿತ್ತು. ಎರಡನೇ ಸೀಸನ್ನಿನಲ್ಲಿ ಅದು ಎದ್ದು ಕಾಣುತ್ತದೆ. ಬೆಹ್ಲುಲ್ ಮತ್ತು ಅದ್ನಾನ್‌ನ ಮಗಳು ನಿಹಾಲ್ ಮದುವೆಯ ಮಾತು ಬಂದಾಗಿನಿಂದ ಯಾರೂ ಹಿಂದಕ್ಕೆ ಹೋಗುವ ಹಾಗಿಲ್ಲ. ಬಿಹ್ತೆರ್‌ನ ತಾಯಿ ಫಿರ್ದೆವ್ಸ್ ಆಗಿ ನೆಬಾಹತ್ ಚೆಹ್ರೆ ಒಂದು ಕುರ್ಚಿಯಲ್ಲಿ ಕೂತೇ ಎಲ್ಲರನ್ನೂ ಆಡಿಸುತ್ತಾರೆ. ಬೆರೆನ್ ಸಾತ್, ಕಿವಾಂಚ್ ತತ್ಲಿತು ಇಬ್ಬರಿಗೂ ಹೆಸರು ತಂದ ಪಾತ್ರಗಳಿವು. ಒಳ್ಳೆಯವರ ಕಥೆ ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ಇಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ, ಎಲ್ಲರ ಮೇಲೂ ಮರುಕ ಹುಟ್ಟುತ್ತದೆ.

ಕಾರಾ ಸೆವ್ದಾ ಮುಗಿಸಿದ ಕೂಡಲೇ ಇದಕ್ಕೆ ಕೈ ಹಾಕಬೇಡಿ, ಮಧ್ಯೆ ಒಂದು ಬೇಸಿಗೆಯ ಕಥೆ ಇಟ್ಟುಕೊಳ್ಳಿ. ಇನ್ನೊಂದು ಮಾತು. ಕೊನೆಯ ಎಪಿಸೋಡ್ ಬಂದಿದ್ದು 2010ರ ಜೂನ್ 24ಕ್ಕೆ. ಈಗಲೂ ಆ ದಿನ ಬಂದರೆ ಟರ್ಕಿಯವರು ಸೋಶಿಯಲ್ ಮೀಡಿಯಾದಲ್ಲಿ ಆ ದೃಶ್ಯಗಳನ್ನು ಹಂಚುತ್ತಾರೆ, ಕೊನೆ ಏನು ಅನ್ನುವುದು ಬೇಡವೆಂದರೂ ಕಣ್ಣಿಗೆ ಬೀಳುತ್ತದೆ. ಮೇ ತಿಂಗಳೊಳಗೆ ನೋಡಿ ಮುಗಿಸಿಬಿಡಿ.